ಕರಗಿದ ರೊಟ್ಟಿಗಳ ಲೆಕ್ಕ

ಸೇಡಂ ರಸ್ತೆಯ ನಮ್ಮ ಮಾಳಿಗೆಯ ಮೇಲೆ ಹೆಂಗಸರಿಗೆ ವ್ಯಾಯಾಮ ಕಲಿಸಲು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಒಬ್ಬ ಟೀಚರ್ ಬರುತ್ತಿದ್ದರು. ದುಪಟ್ಟಾ ಸೊಂಟಕ್ಕೆ ಬಿಗಿದು ಅವರು ಚಪ್ಪಾಳೆ ತಟ್ಟಿದರೆ ಯಾರೂ ಕೂರುವಂತಿರಲಿಲ್ಲ. ಕೊನೆಗೆ ಕೈಯ ಸ್ಮಾರ್ಟ್ ವಾಚು ನೋಡಿ, ಕರಗಿದ ಕ್ಯಾಲೊರಿಯನ್ನು ರೊಟ್ಟಿಯ ಲೆಕ್ಕಕ್ಕೆ ಇಳಿಸಿ ಹೇಳುವರು: “ಇವತ್ತ ಒಂದೂವರೆ ರೊಟ್ಟಿ ಕರಗ್ತು ನೋಡ್ರಿ!”

ಅಪ್ಪ ತೀರಿಕೊಂಡ ಮೇಲೆ ಅವ್ವ ಊಟವನ್ನೇ ಬಿಟ್ಟಿದ್ದಳು. ಒಂದು ದಿನ ಒತ್ತಾಯದಿಂದ ಮಾಳಿಗೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಟೀಚರ್ ತಮ್ಮ ವಾಚನ್ನೇ ಅವಳ ಕೈಗೆ ಕಟ್ಟಿದರು. ಕ್ಲಾಸು ಮುಗಿಯುವವರೆಗೆ ಅವ್ವ ಕೂತಲ್ಲೇ ನಾಲ್ಕು ಸಲ ಕೈ ಎತ್ತಿ ಇಳಿಸಿದಳು, ಅಷ್ಟೇ. ವಾಚು ಬಿಚ್ಚಿಕೊಂಡ ಟೀಚರ್ ಹುಬ್ಬೇರಿಸಿದರು.

“ಅವ್ವಾರ, ಎರಡು ರೊಟ್ಟಿ ಕರಗ್ಯಾವ್ರಿ! ಕೆಳಗ ಹೋಗಿ ತುಂಬಿಸ್ಕೋರಿ. ಇಲ್ಲಾಂದ್ರ ನಾಳೆ ಕ್ಲಾಸಿಗೆ ಬರಬ್ಯಾಡ್ರಿ.”

ನಾನು ವಾಚಿನತ್ತ ಇಣುಕಿದೆ. ಹದಿನೆಂಟು ಕ್ಯಾಲೊರಿ, ಒಂದು ತುತ್ತಿನಷ್ಟು. ಟೀಚರ್ ನನ್ನನ್ನೊಮ್ಮೆ ನೋಡಿ ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಅವ್ವ ಅಂದು ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಉಂಡಳು.

ಈಗ ಟೀಚರ್ ಬರುವುದಿಲ್ಲ. ಮೊಬೈಲ್ ನೋಡಿಕೊಂಡು ನಾವಿಬ್ಬರೇ ಮನೆಯಲ್ಲಿ ವ್ಯಾಯಾಮ ಮಾಡುತ್ತೇವೆ. ಮುಗಿದ ಕೂಡಲೇ ಅವ್ವ, ನಾನು ಕೊಂಡು ತಂದು ಕಟ್ಟಿದ ವಾಚಿನ ಕೈಯನ್ನು ಮುಂದೆ ಚಾಚುತ್ತಾಳೆ.

“ಇವತ್ತ ಎಷ್ಟು ಕರಗ್ಯಾವ ನೋಡು ಮಗಳ?”

ನಾನು ವಾಚಿನ ಮೇಲೆ ಅಂಗೈ ಮುಚ್ಚಿ ಹೇಳುತ್ತೇನೆ: “ಎರಡು.”