ಆರು ಗಂಟೆಗೆ ಕಿರುಚುವ ಗೇಟು

ಬೆಳಗಿನ ಆರಕ್ಕೆ ಇನ್ನೂ ಮೂರು ನಿಮಿಷ ಇದೆ. ಹಳೆಯ ಉದ್ಯಾನದ ಹಿಂದಿನ ಗೋಡೆಗೆ ಅಂಟಿದಂತಿರುವ ಓಣಿಯಲ್ಲಿ ಹದಿನೇಳು ಜನ ನಿಂತಿದ್ದಾರೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಇಬ್ಬರು ಹೆಂಗಸರು, ಕೋಲೂರಿದ ನಿವೃತ್ತ ಬಸ್ ಕಂಡಕ್ಟರ್, ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡ ತಾಯಿ, ಬಣ್ಣದ ಕಲೆ ಹತ್ತಿದ ಅಂಗಿ ತೊಟ್ಟ ಒಬ್ಬ ಗಂಡಸು. ನಾಲ್ಕು ಮನೆ ಆಚೆಯಿಂದ ಕುಂಟುತ್ತ ಬಂದ ಹೆಂಗಸಿಗೆ ಎಲ್ಲರೂ ದಾರಿ ಬಿಡುತ್ತಾರೆ. ಆಕೆ ಕೊರಳಿನ ದಾರದಿಂದ ಕೀಲಿಕೈ ತೆಗೆದು ಬೀಗ ಬಿಚ್ಚುತ್ತಾರೆ. ಎರಡಾಳೆತ್ತರದ ಎರಕದ ಕಬ್ಬಿಣದ ಗೇಟಿಗೆ ಭುಜ ಕೊಟ್ಟು ನೂಕುತ್ತಾರೆ. ಕಾಲಿನಿಂದ ಒತ್ತು ಕೊಡುವ ಹಾಗಿಲ್ಲ, ಬಲ ಮಂಡಿ ಕೈಕೊಟ್ಟು ಎರಡು ವರ್ಷವಾಗಿದೆ. ಗೇಟು ಕಿರುಚುತ್ತದೆ. ಇಡೀ ಓಣಿಗೆ ಕೇಳಿಸುವಷ್ಟು.

"ಏಳ್ರೋ, ಗೇಟಕ್ಕ ಬಂದ್ಲು," ಎಂದು ಯಾವುದೋ ಕಿಟಕಿಯೊಳಗಿಂದ ಒಂದು ದನಿ ಬರುತ್ತದೆ.

ಗೇಟಕ್ಕ ಒಳಗೆ ಹೋಗಿ ಮರದ ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ ತೆಗೆದು ಬರೆಯುತ್ತಾರೆ: ಆರು ಗಂಟೆ. ಮಂಜು. ಹದಿನೇಳು ಜನ. ಗೇಟು ಸರಿ. ಇನ್ನು ಎಂಟೂವರೆಯವರೆಗೆ ಅವರು ಅಲ್ಲಿಂದ ಕದಲುವಂತಿಲ್ಲ. ಕದಲಿದರೆ ಗೇಟು ಮುಚ್ಚಬೇಕು. ಅದು ಲಿಖಿತ ಷರತ್ತು. ಹದಿಮೂರು ತಿಂಗಳಲ್ಲಿ ಅವರು ಒಂದು ದಿನವೂ ರಜೆ ಹಾಕಿಲ್ಲ. ಉದ್ಯಾನಕ್ಕೆ ಸೋಮವಾರ ರಜೆ. ಅವತ್ತೊಂದೇ ದಿನ ಅವರ ಮಂಡಿಗೂ ರಜೆ.

ಐವತ್ತಾರು ವರ್ಷದ ಇವರ ನಿಜವಾದ ಕೆಲಸ ಗೇಟು ಕಾಯುವುದಲ್ಲ. ನೂರಾ ಮೂವತ್ತು ವರ್ಷ ಹಳೆಯ ಈ ಉದ್ಯಾನದಲ್ಲಿ ಅವರು ಸ್ವಯಂಸೇವಕರ ಸಂಯೋಜಕಿ. ಕಳೆ ಕೀಳಲು, ಕೊಳದ ಪಾಚಿ ತೆಗೆಯಲು, ಮರಗಳಿಗೆ ಚೀಟಿ ಕಟ್ಟಲು, ಶಾಲೆಯ ಮಕ್ಕಳನ್ನು ಸುತ್ತಾಡಿಸಲು ಬರುವ ಜನರನ್ನು ಹುಡುಕುವುದು, ಒಗ್ಗೂಡಿಸುವುದು, ಜಗಳ ಬಿಡಿಸುವುದು ಅವರ ಕೆಲಸ. ಪಟ್ಟಿಯಲ್ಲಿ ನೂರಾ ನಲವತ್ತಮೂರು ಹೆಸರುಗಳಿವೆ. ಹೇಳಿದ ದಿನ ಬರುವವರು ಅರವತ್ತು. ದಿನಕ್ಕೆ ಸುಮಾರು ನಲವತ್ತು ಫೋನು. ಹಳೆಯ ಪಂಪ್‌ಮನೆಯ ಅರ್ಧ ಭಾಗವೇ ಅವರ ಕಚೇರಿ. ಮೇಜು ಒಂದು, ಕುರ್ಚಿ ಎರಡು, ಮೊಳೆಗೆ ನೇತುಹಾಕಿದ ಐವತ್ತು ಜೊತೆ ಕೈಗವಸು. ಗೋಡೆಯ ಆಚೆ ಬದಿಯಲ್ಲಿ ಪಂಪು ಗುಡುಗುಡಿಸುತ್ತದೆ, ಹಾಗಾಗಿ ಫೋನಿನಲ್ಲಿ ಕೂಗಿಯೇ ಮಾತಾಡುತ್ತಾರೆ. ಅವರಿಗೆ ಕೋಪ ಜಾಸ್ತಿ ಎಂದು ಅನೇಕರು ತಿಳಿದಿರುವುದು ಇದರಿಂದ.

ಹೊಸಬರು ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಕೈಲಿ ಏನು ಆಗಲ್ಲ?"

"ಏನು ಮಾಡ್ತೀರಿ ಅಂತ ಕೇಳಿದ್ರೆ ಎಲ್ಲರೂ ಸುಳ್ಳು ಹೇಳ್ತಾರೆ. ಏನು ಆಗಲ್ಲ ಅಂತ ಕೇಳಿದ್ರೆ ನಿಜ ಹೇಳ್ತಾರೆ," ಎನ್ನುತ್ತಾರೆ. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಮಾತು ಬರೆದಿಟ್ಟಿದ್ದಾರೆ. ಬಗ್ಗಲಾರರು. ಬಿಸಿಲು ಆಗದು. ಒಂಟಿಯಾಗಿ ಬಿಡಬಾರದು. ಒಬ್ಬ ನಿವೃತ್ತ ನ್ಯಾಯಾಧೀಶರ ಮುಂದೆ 'ಹೇಳಿದ್ದು ಕೇಳಲಾರರು' ಎಂದಿದೆ. ಅದನ್ನು ಸ್ವತಃ ನ್ಯಾಯಾಧೀಶರೇ ಒಪ್ಪಿಕೊಂಡು ಬರೆಸಿದ್ದು.

ಉದ್ಯಾನಕ್ಕೆ ಎರಡು ಗೇಟು. ಮುಂದಿನದು ಅಗಲ ರಸ್ತೆಗೆ ತೆರೆಯುತ್ತದೆ. ಆ ಕಡೆ ಕಾಂಪೌಂಡಿನ ಮನೆಗಳು, ಬ್ಯಾಂಕು, ಕಾರು ನಿಲ್ಲಿಸುವ ಜಾಗ. ಹಿಂದಿನದು ಓಣಿಗೆ. ಅಲ್ಲಿ ಇನ್ನೂರಾ ಹನ್ನೆರಡು ಮನೆ, ಬಹುಪಾಲು ಒಂದೇ ಕೋಣೆಯವು, ಮರದ ನೆರಳಿಲ್ಲ. ಹಿಂದಿನ ಗೇಟು ಮೂವತ್ತೆಂಟು ವರ್ಷ ಮುಚ್ಚಿತ್ತು. ಉದ್ಯಾನದ ನಡುವೆ ಕಲ್ಲಿನ ಕಟ್ಟೆಯ ಮೇಲೆ ನೆರಳು ನೋಡಿ ಹೊತ್ತು ತಿಳಿಯುವ ಗಡಿಯಾರವೊಂದಿದೆ. ಅದರ ಹಿತ್ತಾಳೆಯ ಮುಳ್ಳನ್ನು ಯಾರೋ ಕಿತ್ತೊಯ್ದರು. ಕಳ್ಳ ಸಿಗಲಿಲ್ಲ. ಸಿಗದಿದ್ದರೂ ಹಿಂದಿನ ಓಣಿಯವರೇ ಇರಬೇಕೆಂದು ತೀರ್ಮಾನವಾಯಿತು, ಗೇಟಿಗೆ ಬೀಗ ಬಿತ್ತು.

ಗೇಟಕ್ಕ ಹುಟ್ಟಿ ಬೆಳೆದದ್ದು ಆ ಓಣಿಯಲ್ಲೇ, ಗೇಟಿನಿಂದ ನಾಲ್ಕನೇ ಮನೆ. ಈಗಲೂ ಅಲ್ಲೇ ಇದ್ದಾರೆ. ಅವರ ತಾಯಿ ಇದೇ ಉದ್ಯಾನದಲ್ಲಿ ಕಳೆ ಕೀಳುವ ಕೂಲಿ. ಬೀಗ ಬಿದ್ದ ಮೇಲೆ ಮುಂದಿನ ಗೇಟಿನಿಂದಲೇ ಬರಬೇಕೆಂದು ಅಪ್ಪಣೆಯಾಯಿತು. ಮನೆಯ ಬಾಗಿಲಿನಿಂದ ಕಲ್ಲೆಸೆದರೆ ಬೀಳುವಷ್ಟು ಹತ್ತಿರದ ಹುಲ್ಲು ಕೀಳಲು ಗೋಡೆ ಸುತ್ತಿ ಇಪ್ಪತ್ತೈದು ನಿಮಿಷ ನಡೆಯಬೇಕು. ಹದಿನೆಂಟು ವರ್ಷ ನಡೆದರು. "ಅಮ್ಮ ಒಂದೇ ಮಾತು ಹೇಳೋಳು. ಗಡಿಯಾರದ ಮುಳ್ಳು ನಾವು ಕದ್ದಿದ್ರೆ ನಮ್ಮ ಮನೇಲಿ ಹೊತ್ತಿಗೆ ಸರಿಯಾಗಿ ಅಡುಗೆ ಆಗ್ತಿತ್ತು, ಅಂತ."

ಕೆಲಸಕ್ಕೆ ಸೇರಿದ ಮೇಲೆ ಗೇಟಕ್ಕ ಓಣಿಯ ಇನ್ನೂರಾ ಹನ್ನೆರಡು ಮನೆಗೂ ಹೋಗಿ ಬಾಗಿಲು ತಟ್ಟಿದರು. ಉದ್ಯಾನದ ಒಳಗೆ ಬಂದಿದ್ದೀರಾ ಎಂದು ಕೇಳಿದರು. ನೂರಾ ಅರವತ್ತು ಮನೆಯವರು ಒಮ್ಮೆಯೂ ಬಂದಿರಲಿಲ್ಲ. ಟಿಕೆಟ್ ಎಷ್ಟು ಎಂದು ಹಲವರು ಕೇಳಿದರು. ಈ ಉದ್ಯಾನಕ್ಕೆ ಯಾವ ಕಾಲದಲ್ಲೂ ಟಿಕೆಟ್ ಇರಲಿಲ್ಲ. ಒಬ್ಬ ಅಜ್ಜಿ, "ನಮ್ಮಂಥೋರನ್ನ ಬಿಡ್ತಾರೇನಮ್ಮ?" ಎಂದರು. ಆ ಮಾತನ್ನು ಗೇಟಕ್ಕ ಹಾಗೆಯೇ ವರದಿಯಲ್ಲಿ ಬರೆದು ಉದ್ಯಾನದ ಸಮಿತಿಗೆ ಕೊಟ್ಟರು. ನಾಲ್ಕು ವರ್ಷ, ಹನ್ನೊಂದು ಅರ್ಜಿ. ಕೊನೆಗೆ ಬಂದ ಪತ್ರದಲ್ಲಿ ಮೂರು ಷರತ್ತು ಇದ್ದವು. ಒಂದು ವರ್ಷದ ಪ್ರಯೋಗ. ಗೇಟು ತೆರೆದಿರುವಷ್ಟು ಹೊತ್ತೂ ಸಂಯೋಜಕಿ ಖುದ್ದಾಗಿ ಹಾಜರಿರತಕ್ಕದ್ದು. ಉದ್ಯಾನದ ಯಾವುದೇ ಪುರಾತನ ಭಾಗಕ್ಕೆ ಧಕ್ಕೆಯಾದಲ್ಲಿ ಗೇಟನ್ನು ಮುಚ್ಚಲಾಗುವುದು.

ಷರತ್ತು ಬರೆದವರು ಕೆಟ್ಟವರೇನಲ್ಲ. ಗೇಟು ತೆಗೆಯುವ ಮನಸ್ಸಿಲ್ಲದವರು, ಇಲ್ಲ ಎನ್ನುವ ಧೈರ್ಯವೂ ಇಲ್ಲದವರು. ಒಬ್ಬ ಹೆಂಗಸು ಎಷ್ಟು ದಿನ ನಿಂತಾಳು ಎಂದುಕೊಂಡಿರಬೇಕು.

ಆರನೆಯ ತಿಂಗಳಲ್ಲಿ ತಾಯಿ ತೀರಿಕೊಂಡರು. ಬೆಳಗಿನ ಜಾವ ಉಸಿರು ನಿಂತಿತು. ಆರು ಗಂಟೆಗೆ ಗೇಟು ಕಿರುಚಿತು. ಉದ್ಯಾನದ ಕಾವಲುಗಾರ ಓಡಿ ಬಂದು, "ಅಕ್ಕ, ತಲೆ ನೆಟ್ಟಗಿದೆಯಾ? ಮನೆಗೆ ಹೋಗು," ಎಂದು ಬೈದರಂತೆ.

"ಗೋಡೆ ಸುತ್ತಿ ಸುತ್ತಿ ಸವೆದೋಳು ಅವಳು. ಅವಳು ಸತ್ತ ದಿನಾನೇ ಈ ಗೇಟು ಮುಚ್ಚಿರಬೇಕಾ?" ಗೇಟಕ್ಕ ಇದನ್ನು ಅಳದೆ ಹೇಳುತ್ತಾರೆ. ಅವತ್ತಿನ ಪುಟದಲ್ಲಿ ಬರೆದಿರುವುದು ಇಷ್ಟೇ: ಆರು ಗಂಟೆ. ಮೋಡ. ಒಂಬತ್ತು ಜನ. ಗೇಟು ಸರಿ.

ಹತ್ತನೆಯ ತಿಂಗಳಲ್ಲಿ ಗೇಟಿಗೆ ಧಕ್ಕೆಯಾಯಿತು. ಮಾಡಿದವರು ಗೇಟಿನ ಮೇಲೆ ಪ್ರಾಣ ಇಟ್ಟುಕೊಂಡವರೇ. ಸೋಮವಾರದ ರಜೆಯ ದಿನ ಗೇಟಕ್ಕ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಓಣಿಯ ಬಣ್ಣದ ಕೆಲಸಗಾರ, ಅಂದರೆ ಕಲೆ ಹತ್ತಿದ ಅಂಗಿಯವರು, ಶಾಲೆಯೊಂದಕ್ಕೆ ಬಳಿದು ಉಳಿದ ನೀಲಿ ಎಣ್ಣೆಬಣ್ಣ ತಂದರು. ಆರೇಳು ಜನ ಸೇರಿದರು. ಮಧ್ಯಾಹ್ನದೊಳಗೆ, ನೂರಾ ಮೂವತ್ತು ವರ್ಷದ ಆ ಎರಕದ ಗೇಟಿನ ಓಣಿಯ ಕಡೆಯ ಮುಖ, ಅದರ ಬಳ್ಳಿ, ಎಲೆ, ಮೊಗ್ಗು ಸಮೇತ, ಎರಡು ಪದರ ದಪ್ಪ ನೀಲಿಯಾಗಿತ್ತು.

"ವರ್ಷ ತುಂಬೋಕೆ ಎರಡೇ ತಿಂಗಳು ಇತ್ತು. ದೊಡ್ಡವರು ನೋಡೋಕೆ ಬರ್ತಾರೆ ಅಂದ್ರು. ತುಕ್ಕು ಹಿಡಿದ ಗೇಟು ತೋರಿಸೋದಾ ಅಂತ ಬಣ್ಣ ತಂದೆ," ಎನ್ನುತ್ತಾರೆ ಬಣ್ಣದವರು. "ಅಕ್ಕ ಬಂದು ನೋಡಿ ಖುಷಿಪಡ್ತಾಳೆ ಅಂತ ಕಾಯ್ತಾ ಕೂತಿದ್ವಿ. ಬಂದೋಳು ಗೋಡೆ ಹಿಡ್ಕೊಂಡು ಕೂತೇಬಿಟ್ಲು."

ಬಣ್ಣ ಬಳಿದದ್ದನ್ನು ಸಮಿತಿಯ ಯಾರೂ ನೋಡಿರಲಿಲ್ಲ. ಓಣಿಗೆ ಅವರು ಬರುವುದೇ ಇಲ್ಲ. ಕಾವಲುಗಾರ, ಸುಮ್ಮನಿರೋಣ, ಮೆಲ್ಲಗೆ ಕೆರೆಸೋಣ ಎಂದರು. ಗೇಟಕ್ಕ ಮಾರನೆಯ ಬೆಳಿಗ್ಗೆ ಉದ್ಯಾನದ ಘಟನಾ ಪುಸ್ತಕದಲ್ಲಿ ತಾವೇ ಬರೆದು, ಸಹಿ ಹಾಕಿ, ಸಮಿತಿಯ ಕಾರ್ಯದರ್ಶಿಯ ಮೇಜಿನ ಮೇಲಿಟ್ಟರು.

ಯಾಕೆ? "ಮುಚ್ಚಿಟ್ಟು ಆಮೇಲೆ ಗೊತ್ತಾಗಿದ್ರೆ ಹಿಂದಿನ ಓಣಿಯೋರು ಕಳ್ಳರು ಅಂತ ಮತ್ತೆ ಆಗ್ತಿತ್ತು. ಹೇಳಿದ್ದಕ್ಕೆ ಬರೀ ದಡ್ಡರು ಅಂತಾಯ್ತು. ದಡ್ಡರಿಗೆ ಕ್ಷಮೆ ಇದೆ."

ಬಣ್ಣ ತೆಗೆಸಲು ಕಾರ್ಯದರ್ಶಿ ಒಂದು ತಿಂಗಳು ಗಡುವು ಕೊಟ್ಟರು. ಹಳೆಯ ಲೋಹದ ಕೆಲಸ ಬಲ್ಲವರೊಬ್ಬರು ಬಂದು ನೋಡಿ, ಆಸಿಡ್ ಕೂಡದು, ತಂತಿಯ ಬ್ರಷ್ ಕೂಡದು, ಬಣ್ಣ ಮೆದು ಮಾಡುವ ಲೇಪ ಹಚ್ಚಿ ಬಿದಿರಿನ ಕಡ್ಡಿಯಿಂದ ಎಬ್ಬಿಸಬೇಕು ಎಂದರು. ಒಂದು ಎಲೆಗೆ ಒಂದು ಗಂಟೆ. ಗೇಟಿನಲ್ಲಿ ನಾನೂರಾ ಹನ್ನೆರಡು ಎಲೆ.

ಅಲ್ಲಿಯವರೆಗೆ ಮುಂದಿನ ಗೇಟಿನ ಸ್ವಯಂಸೇವಕರೂ ಹಿಂದಿನ ಗೇಟಿನವರೂ ಒಟ್ಟಿಗೆ ಕೆಲಸ ಮಾಡಿದ್ದಿಲ್ಲ. ಅವರು ಭಾನುವಾರ ಎಂಟಕ್ಕೆ ಕೈಗವಸು ಹಾಕಿಕೊಂಡು ಬರುವವರು. ಇವರು ಬೆಳಿಗ್ಗೆ ಆರಕ್ಕೆ ಬಂದು ಎಂಟೂವರೆಗೆ ಕೆಲಸಕ್ಕೆ ಓಡುವವರು. ಗೇಟಕ್ಕ ಎಲ್ಲರಿಗೂ ಫೋನು ಮಾಡಿದರು. ಅರವತ್ತೊಂದು ಜನ ಬಂದರು. ಜೋಡಿ ಮಾಡುವಾಗ ಬೇಕೆಂದೇ ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು. ಬಣ್ಣದವರ ಪಕ್ಕದಲ್ಲಿ ನ್ಯಾಯಾಧೀಶರು.

"ನೀನು ಬಳಿದಿದ್ದು ಅರ್ಧ ದಿನ. ನಾನು ಕೆರೀತಿರೋದು ಇಪ್ಪತ್ತು ದಿನ. ಇದಕ್ಕೆ ಯಾವ ಶಿಕ್ಷೆ ಕೊಡ್ಲಯ್ಯ?" ಎಂದು ನ್ಯಾಯಾಧೀಶರು ಗೊಣಗಿದಾಗ ಬಣ್ಣದವರು ಕಡ್ಡಿಯಿಂದ ಕಣ್ಣೆತ್ತದೆ, "ನನ್ನ ಬಣ್ಣ ಗಟ್ಟಿ ಸಾರ್. ಹತ್ತು ವರ್ಷ ಗ್ಯಾರಂಟಿ," ಎಂದರು. ಸುತ್ತಲಿದ್ದವರು ನಕ್ಕರು. ನ್ಯಾಯಾಧೀಶರಿಗೆ ನಗಲು ಒಂದು ನಿಮಿಷ ಹಿಡಿಯಿತು.

ಇಪ್ಪತ್ತಮೂರನೆಯ ದಿನ ಕಾರ್ಯದರ್ಶಿ ಬಂದು ಎಲೆಗಳ ಮೇಲೆ ಬೆರಳಾಡಿಸಿದರು. ನರಗಳ ಸಂದಿಯಲ್ಲಿ ಅಲ್ಲಲ್ಲಿ ನೀಲಿ ಉಳಿದಿತ್ತು, ಈಗಲೂ ಇದೆ. ಅವರು ಘಟನಾ ಪುಸ್ತಕ ತರಿಸಿ, 'ಧಕ್ಕೆ' ಎಂಬ ಪದ ಹೊಡೆದುಹಾಕಿ 'ದುರಸ್ತಿ' ಎಂದು ಬರೆದರು. ಸಮಿತಿ ಗೇಟನ್ನು ಇನ್ನೂ ಮೂರು ವರ್ಷ ತೆರೆಯಲು ಒಪ್ಪಿತು. ಒಂದು ಷರತ್ತು ಮಾತ್ರ ಹಾಗೇ ಉಳಿಯಿತು. ಸಂಯೋಜಕಿ ಖುದ್ದಾಗಿ ಹಾಜರಿರತಕ್ಕದ್ದು.

ತೊಂದರೆ ಇರುವುದು ಅಲ್ಲೇ. ಮಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕು. ಆರು ವಾರ ಮನೆಯಲ್ಲೇ ಇರಬೇಕೆಂದು ವೈದ್ಯರು ಹೇಳಿದ್ದಾರೆ. ಆರು ವಾರ ಗೇಟು ಮುಚ್ಚಿದರೆ ಮತ್ತೆ ತೆಗೆಯುತ್ತಾರೆಂಬ ನಂಬಿಕೆ ಗೇಟಕ್ಕನಿಗಿಲ್ಲ. ಎರಡು ಸಲ ದಿನಾಂಕ ಮುಂದೂಡಿದ್ದಾರೆ. ಇನ್ನೂ ತಡ ಮಾಡಿದರೆ ಕಾಲು ಮಡಿಸಲು ಆಗದೆಯೂ ಹೋಗಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗಳಿಗೆ ಇದರಿಂದ ತಡೆಯಲಾರದ ಸಿಟ್ಟು. "ಗೇಟಿಗಾದ್ರೆ ಅರವತ್ತೊಂದು ಜನ ಬಂದ್ರು. ನಿನ್ನ ಮಂಡಿಗೆ ಯಾರು ಬರ್ತಾರಮ್ಮ?" ಎಂದು ಮನೆಗೆ ಹೋಗಿದ್ದ ನಮ್ಮೆದುರೇ ಕೇಳಿದರು. ನೀರಿನ ಲಾರಿ ಓಡಿಸುವ ಗೇಟಕ್ಕನ ಗಂಡ ಮಾತು ತಿರುಗಿಸಲು ನೋಡಿದರು. "ನನ್ನನ್ನ ಕಟ್ಕೊಂಡು ಮೂವತ್ತು ವರ್ಷ, ಗೇಟನ್ನ ಕಟ್ಕೊಂಡು ಒಂದು ವರ್ಷ. ಹೊಸ ಸಂಸಾರಾನೇ ಗಟ್ಟಿ ನೋಡಿ." ಮಗಳು ನಗಲಿಲ್ಲ.

ಕಳೆದ ತಿಂಗಳು ಗೇಟಕ್ಕ ಹನ್ನೆರಡನೆಯ ಅರ್ಜಿ ಕೊಟ್ಟಿದ್ದಾರೆ. 'ಸಂಯೋಜಕಿ' ಎಂಬಲ್ಲಿ 'ಸಂಯೋಜಕಿ ಅಥವಾ ಅವರು ನೇಮಿಸಿದ ಸ್ವಯಂಸೇವಕರು' ಎಂದು ತಿದ್ದಬೇಕು, ಅಷ್ಟೇ. ಜೊತೆಗೆ ಆರು ಜನರ ಪಟ್ಟಿ, ವಾರದ ಆರು ಬೆಳಗಿಗೆ. ಮೂವರು ಮುಂದಿನವರು, ಮೂವರು ಹಿಂದಿನವರು. ಬುಧವಾರ ನ್ಯಾಯಾಧೀಶರದು, ಗುರುವಾರ ಬಣ್ಣದವರದು. ಉತ್ತರ ಬಂದಿಲ್ಲ. ಕಾರ್ಯದರ್ಶಿಯನ್ನು ಕೇಳಿದರೆ, ಮುಂದಿನ ಸಭೆಯಲ್ಲಿ ವಿಷಯ ಇಡುತ್ತೇವೆ ಎಂದರು. ಮುಂದಿನ ಸಭೆ ಯಾವತ್ತು ಎಂದರೆ ಇನ್ನೂ ಗೊತ್ತಾಗಿಲ್ಲ ಎಂದರು.

ಎಂಟೂವರೆ. ಕೂಸಿನ ತಾಯಿ ಕೊನೆಯವರಾಗಿ ಹೊರಗೆ ಬರುತ್ತಾರೆ. ಗೇಟಕ್ಕ ಸ್ಟೂಲು ಹಿಡಿದು ಏಳುತ್ತಾರೆ, ಒಂದೇ ಸಲಕ್ಕೆ ಏಳಲಾಗುವುದಿಲ್ಲ. ಗೇಟು ಎಳೆಯುವಾಗ ಅದು ಮತ್ತೆ ಕಿರುಚುತ್ತದೆ. ಪಕ್ಕದಲ್ಲಿದ್ದ ಬಣ್ಣದವರು, "ಅಕ್ಕ, ಬಣ್ಣ ಬೇಡ ಅಂದ್ರಿ, ಸರಿ. ತಿರುಗಣಿಗೆ ಎರಡು ಹನಿ ಎಣ್ಣೆನಾದ್ರೂ ಬಿಡ್ಲಾ? ಕಾರ್ಯದರ್ಶಿಗಳನ್ನ ಕೇಳ್ಕೊಂಡೇ ಹಾಕ್ತೀನಿ," ಎನ್ನುತ್ತಾರೆ.

"ಮುಟ್ಟಿದ್ರೆ ಕೈ ಮುರೀತೀನಿ," ಎನ್ನುತ್ತಾರೆ ಗೇಟಕ್ಕ.

ಬೀಗ ಹಾಕಿ, ಕೀಲಿಕೈ ಕೊರಳಿಗೆ ಹಾಕಿಕೊಂಡು, ಓಣಿಯ ನಾಲ್ಕನೇ ಮನೆಯತ್ತ ನೋಡುತ್ತಾರೆ. ಕಿಟಕಿಯ ಒಳಗೆ ಮಂಚದ ಒಂದು ಕಾಲು ಕಾಣುತ್ತದೆ.

"ಆಪರೇಷನ್ ಆದ್ಮೇಲೆ ಅಲ್ಲಿ ಮಲಗಿರ್ತೀನಲ್ಲ," ಎನ್ನುತ್ತಾರೆ. "ಬೆಳಿಗ್ಗೆ ಆರಕ್ಕೆ ಗೇಟು ಕಿರುಚಬೇಕು. ನಾನು ಏಳಬಾರದು. ಬುಧವಾರ ಆದ್ರೆ ಜಡ್ಜು, ಗುರುವಾರ ಆದ್ರೆ ಇವನು ಅಂತ ಮಲಗಿದ ಹಾಗೇ ಎಣಿಸ್ಕೊಬೇಕು. ಸದ್ದೇ ಇಲ್ದಿದ್ರೆ ನಂಗೆ ಹೇಗೆ ಗೊತ್ತಾಗಬೇಕು ಹೇಳಿ, ತೆಗೆದ್ರೋ ಇಲ್ವೋ ಅಂತ?"