ತಾಂಡೂರು ನಾಕಾದಲ್ಲಿ ತಡೆದ ಬಿಳಿ ಪುಡಿ

ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮೊದಲಿನ ಮಾತು. ನಿಜಾಮ್ ಸರ್ಕಾರದ ಕರೋಡಗಿರಿ, ಅಂದರೆ ಸುಂಕದ ಇಲಾಖೆಯಲ್ಲಿ, ನಾನು ತಾಂಡೂರು ಸ್ಟೇಷನ್ನಿನ ನಾಕಾ ನೋಡಿಕೊಳ್ಳುತ್ತಿದ್ದೆ. ಪರದೇಶದ ಮಾಲನ್ನು ತಪಾಸಣೆ ಮಾಡಿ ಬಿಡುವುದು ನನ್ನ ಕೆಲಸ. ವಿಷದ ಮಾಲಾದರೆ ಕೊಳ್ಳುವವರಿಗೆ ತಿಳಿಯುವಂಥ ಎಚ್ಚರಿಕೆ ಇರಲೇಬೇಕೆಂದು ಹುಕುಂ ಇತ್ತು.

ಆ ಬೇಸಿಗೆಯಲ್ಲಿ ಸಾಹುಕಾರ ವೀರಭದ್ರಪ್ಪ ವಿಲಾಯತಿಯಿಂದ ಕುರಿ ತೊಳೆಯುವ ಔಷಧ ತರಿಸಿದ. ನೀರಿನಲ್ಲಿ ಕಲಸಿ ಕುರಿಯನ್ನು ಅದ್ದಿದರೆ ಕಜ್ಜಿ ಹೋಗುತ್ತದೆ. ಡಬ್ಬಿ ಬಿಚ್ಚಿಸಿದೆ. ಒಳಗೆ ಪಾಷಾಣವೆಂಬ ವಿಷ, ನುಣ್ಣನೆಯ ಬಿಳಿ ಪುಡಿ!

"ಡಬ್ಬಿ ಮ್ಯಾಲ ಬುರುಡಿ ಚಿತ್ರ ಅದ ಅಲ್ರಿ ಸಾಹೇಬ್ರ, ಇನ್ನೇನು ಬೇಕು?" ಎಂದ ಸಾಹುಕಾರ.

"ಡಬ್ಬಿ ನಿಮ್ಮ ಅಂಗಡ್ಯಾಗ ಉಳೀತದ. ಪುಡಿ ಕಾಗದದ ಪುಡಿಕ್ಯಾಗ ಮಂದಿ ಮನಿಗಿ ಹೋಗ್ತದ. ಬಿಡಂಗಿಲ್ಲ," ಎಂದೆ. ನಮ್ಮ ಕಡೆ ಏನನ್ನೇ ಆಗಲಿ ಬಿಡಿಯಾಗಿ ತೂಗಿ ಮಾರುವುದೇ ರೂಢಿ. ವಿಲಾಯತಿಯ ಕಂಪನಿಗೆ ಅದು ಹೇಗೆ ಗೊತ್ತಾಗಬೇಕು?

ಮರುದಿನ ಹತ್ತಿರದ ಯಾಲಾಲ ಊರಿನ ಕುರಿಗಾರರು ಔಷಧ ಬಿಡಿ ಎಂದು ನಾಕಾ ಮುಂದೆ ಕೂತರು. ಅವರಲ್ಲಿ ಹಿರಿಯಳಾದ ಮಾಳವ್ವ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಕಜ್ಜಿ ಹತ್ತಿ ತುಪ್ಪಳ ಉದುರಾಕತ್ತದ. ನಿಮ್ಮ ಕಾಯ್ದೆ ಮುಗಿಯೋತನಕ ಕುರಿ ಉಳೀತಾವೇನ್ರಿ?"

ನನಗೂ ಸಂಕಟವಾಯಿತು. ಆದರೂ ಕೇಳಿದೆ: "ಪುಡಿ ಉಳಿದರ ಮನ್ಯಾಗ ಎಲ್ಲಿ ಇಡ್ತೀಯವ್ವಾ?"

"ಒಲಿ ಮ್ಯಾಲಿನ ಗೂಡಿನ್ಯಾಗರಿ, ಉಪ್ಪಿನ ಬಾಜೂಕ. ತಂಪು ತಾಕಬಾರದಲ್ಲ."

ಉಪ್ಪಿನ ಪಕ್ಕದಲ್ಲಿ ಉಪ್ಪಿನಂಥದೇ ಬಿಳಿ ವಿಷ! ಇನ್ನು ಯಾರು ಬಂದು ಹೇಳಿದರೂ ಬಿಳಿ ಪುಡಿ ನಾಕಾ ದಾಟಬಾರದು ಎಂದು ಹಟ ಹಿಡಿದೆ. ಹಾಗಂತ ಕುರಿ ಸಾಯಲು ಬಿಡುವಂತೆಯೂ ಇರಲಿಲ್ಲ. ಉಪ್ಪಿನಿಂದ ಬೇರೆಯಾಗಿ ಕಾಣಲು ಪುಡಿಗೆ ಬಣ್ಣ ಹಾಕಬಹುದೇ ಎಂದು ದನದ ದವಾಖಾನೆಯ ಡಾಕ್ಟರರನ್ನು ಕರೆಸಿ ಕೇಳಿದೆ. ಬಟ್ಟೆಗೆ ಹಾಕುವ ನೀಲಿ ಬೆರೆಸಿದರೆ ಔಷಧ ಕೆಡುವುದಿಲ್ಲ ಎಂದು ಅವರು ಬರೆದುಕೊಟ್ಟರು. ಸಾಹುಕಾರ ಗೊಣಗುತ್ತಲೇ ಗೋದಾಮಿನಲ್ಲಿ, ನನ್ನ ಕಣ್ಣೆದುರಿಗೆ, ಅಷ್ಟೂ ಪುಡಿಗೆ ನೀಲಿ ಬೆರೆಸಿದ. ಸಂಜೆಯೊಳಗೆ ಮಾಲು ಬಿಟ್ಟೆ. ಯಾಲಾಲದ ಕುರಿಗಳು ಕೆಲವು ದಿನ ನೀಲಿ ಬಣ್ಣದಲ್ಲೇ ತಿರುಗಾಡಿದವು. ಊರೆಲ್ಲ ನನ್ನನ್ನು "ನೀಲಿ ಸಾಹೇಬ" ಎಂದು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ!

ನಾನು ಮೇಲಿನವರಿಗೆ ಬರೆದೆ, ಸಾಹುಕಾರ ಕಂಪನಿಗೆ ಬರೆದ. ಮುಂದಿನ ವರ್ಷ ಪುಡಿ ವಿಲಾಯತಿಯಿಂದಲೇ ನೀಲಿಯಾಗಿ ಬಂತು.

ಅದಕ್ಕೂ ಮುಂಚೆ ಒಂದು ದಿನ ಮಾಳವ್ವ ನಾಕಾಕ್ಕೆ ಬಂದಳು. ಈ ಸಲ ಜಗಳವಿಲ್ಲ.

"ಸೊಸಿ ಆ ಪುಡೀನ ಉಪ್ಪಂತ ತಿಳಿದು ಸಾರಿಗಿ ಹಾಕಾಕ ಹೋಗಿದ್ಳರಿ. ನೀಲಿ ಕಂಡು ಕೈ ಹಿಂದಕ ತಗೊಂಡ್ಳು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಲಿನ ಮೇಲಿನ ಕಾಯ್ದೆ ಬಂದರಿನಲ್ಲೋ ನಾಕಾದಲ್ಲೋ ಮುಗಿಯುವುದಿಲ್ಲ. ಅದು ಒಲೆಯ ಮೇಲಿನ ಗೂಡಿನವರೆಗೂ ಹೋಗಬೇಕು. ಈ ನೌಕರಿ ನನಗೆ ಕಲಿಸಿದ್ದು ಅದನ್ನೇ.