ಶೇಂಡೆಲ್ ಬಾಚಣಿಗೆ ಕೆಳಗಿಟ್ಟಳು

ಯಹೂದಿಗಳ ಪೆಸಖ್ ಹಬ್ಬಕ್ಕೆ ಇನ್ನು ಮೂರೇ ವಾರ ಉಳಿದಿತ್ತು. ಮಾಂಟ್ರಿಯಲ್‌ನ ಹಚಿಸನ್ ಬೀದಿಯ ನೆಲಮಾಳಿಗೆಯಲ್ಲಿರುವ ಶೇಂಡೆಲ್‌ಳ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪಾಟು, ಮೇಜು, ಕಿಟಕಿಯ ಕಟ್ಟೆ, ಎಲ್ಲಿ ನೋಡಿದರೂ ಥರ್ಮೋಕೋಲ್ ತಲೆಗಳು. ತಲೆಗಳ ಮೇಲೆ ವಿಗ್ಗುಗಳು. ಒಟ್ಟು ಅರವತ್ತೇಳು. ಆ ಬೀದಿಯ ಯಹೂದಿ ಮನೆಗಳಲ್ಲಿ ಮದುವೆಯಾದ ಹೆಂಗಸು ಕೂದಲು ಮುಚ್ಚಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಹಬ್ಬಕ್ಕಂತೂ ತೊಳೆದು, ಒಣಗಿಸಿ, ಸುರುಳಿ ಕೂರಿಸಿದ ವಿಗ್ಗೇ ಆಗಬೇಕು. ಆ ಕೆಲಸಕ್ಕೆ ಶೇಂಡೆಲ್‌ಳ ಕೈಯೇ ಆಗಬೇಕು. ಪ್ರತಿ ತಲೆಗೂ ಒಡತಿಯ ಹೆಸರಿನ ಚೀಟಿ ಅಂಟಿಸಿ, ಕೆಲಸ ಮಾಡುವಾಗ ಅವುಗಳನ್ನೇ ಬೈಯುವುದು ಅವಳ ಅಭ್ಯಾಸ.

"ಏನೇ ರೋಯ್ಝಾ, ನೆತ್ತಿ ಮೇಲೆ ಸೂಪ್ ಚೆಲ್ಕೊಂಡಿದ್ದೀಯಾ? ಬಾಯಿ ಎಲ್ಲಿದೆ ಅಂತ ಮರ್ತೋಯ್ತಾ?"

ಶೇಂಡೆಲ್ ಹುಟ್ಟಿದ್ದು ಇದೇ ಬೀದಿಯಲ್ಲಿ. ಕಸುಬು ಕಲಿತದ್ದು ಚಿಕ್ಕಮ್ಮನಿಂದ. ಇಪ್ಪತ್ತೊಂದಕ್ಕೆ ಅವಳನ್ನು ಬೆಳ್ಳಿ ಬಟ್ಟಲಿನ ಅಂಗಡಿಯ ಫೈವಿಶ್‌ಗೆ ಕೊಟ್ಟು ಮದುವೆ ಮಾಡಿದರು. ಹದಿಮೂರು ವರ್ಷ ಮಕ್ಕಳಾಗಲಿಲ್ಲ. ಡಾಕ್ಟರರ ಬಾಗಿಲು ತುಳಿದದ್ದೆಲ್ಲ ಅವಳೇ. ಅವನು ಒಂದು ದಿನವೂ ಹೋಗಲಿಲ್ಲ. ಆದರೂ ದೋಷ ಅವಳದೇ ಎಂದು ಊರೆಲ್ಲ ಡಂಗುರ ಹೊಡೆದ. ಅವಳಿಗೆ ಮೂವತ್ತನಾಲ್ಕಾದಾಗ, ಒಂದು ಭಾನುವಾರ, ಪೆಟ್ಟಿಗೆ ಎತ್ತಿಕೊಂಡು ಎದುರು ಸಾಲಿನಲ್ಲಿದ್ದ ತಾಯಿಯ ಮನೆಗೆ ನಡೆದುಬಿಟ್ಟ. ಹೋದರೆ ಹೋಗಲಿ ಪೀಡೆ ಎನ್ನಬಹುದಿತ್ತು. ಆದರೆ ಗೆಟ್ ಕೊಡದೆ ಹೋದ.

ಗೆಟ್ ಎಂದರೆ ಗಂಡ ಮನಸಾರೆ ಬರೆಸಿ ಹೆಂಡತಿಯ ಕೈಗೆ ಹಾಕಬೇಕಾದ ಬಿಡುಗಡೆ ಪತ್ರ. ಹನ್ನೆರಡು ಸಾಲಿನ ಆ ಕಾಗದವಿಲ್ಲದೆ ಅವಳು ಸಾಯುವತನಕ ಅವನ ಹೆಂಡತಿ. ಸರ್ಕಾರ ಕೊಟ್ಟ ವಿಚ್ಛೇದನವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿಕೊಂಡರೂ ರಬ್ಬಿಗಳ ಲೆಕ್ಕದಲ್ಲಿ ಅದು ಬರೀ ಚಿತ್ರಪಟ.

ಮೊದಲ ವರ್ಷ ಶೇಂಡೆಲ್ ಕೇಳಿಕೊಂಡಳು. "ಕೊಡ್ತೀನಿ. ಮೊದ್ಲು ನಮ್ಮಮ್ಮನ ಮುಂದೆ ನಿಂತು ತಪ್ಪಾಯ್ತು ಅನ್ನು," ಎಂದ. ಯಾವ ತಪ್ಪು ಎಂದು ಕೇಳದೆ ಹೋಗಿ ನಿಂತು ತಪ್ಪಾಯಿತು ಎಂದಳು. "ಮನಸ್ಸಿಂದ ಹೇಳ್ಲಿಲ್ಲ," ಎಂದು ಬಾಗಿಲು ಹಾಕಿಕೊಂಡ. ಅಂಥವನನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ನನ್ನ ಬಾಯಲ್ಲಿ ಬರುವುದನ್ನು ಅಚ್ಚು ಹಾಕಲಾಗದು.

ಆಮೇಲೆ ಅವಳು ಕೋರ್ಟಿಗೆ ಹೋದಳು. ಧರ್ಮದ ಬಿಡುಗಡೆಗೆ ಅಡ್ಡ ನಿಂತವನ ಬೇಡಿಕೆಗಳನ್ನು ನ್ಯಾಯಾಲಯ ತಳ್ಳಿಹಾಕಬಹುದು ಎಂದು ಆ ದೇಶದ ವಿಚ್ಛೇದನ ಕಾನೂನಿನಲ್ಲೇ ಇದೆ. ಒಳ್ಳೆಯ ಕಾನೂನು, ಇವಳಂಥ ಹೆಂಗಸರು ಹೊಡೆದಾಡಿ ಬರೆಸಿಕೊಂಡದ್ದು. ಆದರೆ ಫೈವಿಶ್‌ನ ವಕೀಲ ಮಹಾ ಚಾಲಾಕಿ. ತನ್ನ ಕಕ್ಷಿದಾರನಿಗೆ ಮನೆ ಬೇಡ, ಸಾಮಾನು ಬೇಡ, ಏನೇನೂ ಬೇಡ ಎಂದುಬಿಟ್ಟ. ಏನನ್ನೂ ಕೇಳದವನ ಯಾವ ಬೇಡಿಕೆಯನ್ನು ತಳ್ಳಿಹಾಕುವುದು? ನ್ಯಾಯಾಧೀಶೆ ಕನ್ನಡಕ ತೆಗೆದು ಶೇಂಡೆಲ್‌ಳನ್ನು ನೋಡಿ, "ನನ್ನ ಕಾಗದದ ಮಟ್ಟಿಗೆ ನಿಮ್ಮನ್ನು ಬಿಡಿಸಬಲ್ಲೆ ಅಮ್ಮ. ನಿಮ್ಮ ದೇವರ ಕಾಗದ ನನ್ನ ಕೈಲಿಲ್ಲ," ಎಂದಳು. ಸರ್ಕಾರದ ಪ್ರಕಾರ ಶೇಂಡೆಲ್ ವಿಚ್ಛೇದಿತೆಯಾದಳು, ದೇವರ ಪ್ರಕಾರ ಹೆಂಡತಿಯಾಗಿಯೇ ಉಳಿದಳು.

ಹೀಗೆ ಒಂಬತ್ತು ವರ್ಷ ಕಳೆಯಿತು. ಮೀನಂಗಡಿಯ ವಿಧುರನೊಬ್ಬ ಅವಳಿಗಾಗಿ ಎರಡು ವರ್ಷ ಕಾದ. ಒಳ್ಳೆಯ ಮನುಷ್ಯ. ಕಾದು ಕಾದು ಬೇರೆಯವಳನ್ನು ಮದುವೆಯಾಗಿ ಅವಳಿ ಮಕ್ಕಳ ತಂದೆಯಾದ. ಅವನ ಹೆಂಡತಿಯ ವಿಗ್ಗನ್ನೂ ಶೇಂಡೆಲ್‌ಳೇ ಬಾಚುತ್ತಾಳೆ. ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ವಿಗ್ಗು ಮೊದಲ ಸಲ ಕೈಗೆ ಬಂದ ದಿನ. ಅದು ಆರಲೇ ಇಲ್ಲ, ಆರಲಿ ಎಂದು ಅವಳೂ ಬಯಸಲಿಲ್ಲ.

ಈಗ ಹಬ್ಬದ ಮೂರು ವಾರ ಮುಂಚೆ, ಮಂಗಳವಾರ ಬೆಳಿಗ್ಗೆ, ರೆಬ್ಬೆಟ್ಸಿನ್ ಟೋಬಾ ಮೆಟ್ಟಿಲಿಳಿದು ಬಂದಳು. ರೆಬ್ಬೆಟ್ಸಿನ್ ಎಂದರೆ ರಬ್ಬಿಯ ಹೆಂಡತಿ. ಈಕೆಯ ಗಂಡ ರಬ್ಬಿ ಕಾಲ್ಮನ್ ಬೀದಿಯ ಧರ್ಮನ್ಯಾಯಾಲಯದ ಮೂವರಲ್ಲಿ ಒಬ್ಬ. ಟೋಬಾ ವಿಗ್ಗಿನ ಡಬ್ಬ ಕೊಟ್ಟವಳು ಹೋಗದೆ ಬಾಗಿಲ ಚಿಲಕ ಹಿಡಿದು ನಿಂತೇ ಇದ್ದಳು.

"ಏನ್ ರೆಬ್ಬೆಟ್ಸಿನ್, ಚಿಲಕ ಕಿತ್ಕೊಂಡು ಹೋಗ್ತೀರಾ?"

"ಶೇಂಡೆಲೆ, ನಾನು ಹೇಳ್ದೆ ಅಂತ ಯಾರಿಗೂ ಗೊತ್ತಾಗ್ಬಾರ್ದು. ನಿನ್ನ ಗಂಡ ನಿನ್ನೆ ನಮ್ಮನೆಗೆ ಬಂದಿದ್ದ. ನೂರು ರಬ್ಬಿಗಳ ಅನುಮತಿ ಪತ್ರ ಹಿಡ್ಕೊಂಡು."

ಶೇಂಡೆಲ್‌ಳ ಕೈಯಲ್ಲಿದ್ದ ಡ್ರೈಯರ್ ಹಾಗೇ ಊದುತ್ತಿತ್ತು. ನೂರು ರಬ್ಬಿಗಳ ಅನುಮತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೆಂಡತಿ ಹುಚ್ಚಿಯಾದರೆ, ಇಲ್ಲವೇ ಗೆಟ್ ಕೊಟ್ಟರೂ ತೆಗೆದುಕೊಳ್ಳದೆ ಹಟ ಹಿಡಿದರೆ, ಮೂರು ದೇಶಗಳ ನೂರು ರಬ್ಬಿಗಳು ಸಹಿ ಹಾಕಿ ಗಂಡನಿಗೆ ಇನ್ನೊಂದು ಮದುವೆಗೆ ಅಪ್ಪಣೆ ಕೊಡಬಹುದು. ಗಂಡಸಿಗೆ ಮಾತ್ರ. ಹೆಂಗಸಿಗೆ ನೂರಲ್ಲ, ಸಾವಿರ ರಬ್ಬಿಗಳು ಸಾಲಾಗಿ ನಿಂತರೂ ಅಂಥ ಬಾಗಿಲಿಲ್ಲ.

"ಏನಂತ ಬರ್ದಿದ್ದಾನೆ ಅದ್ರಲ್ಲಿ?"

"ಗೆಟ್ ಕೊಡಕ್ಕೆ ಬಂದೆ, ಅವಳೇ ಬೇಡ ಅಂದ್ಳು ಅಂತ. ಎಂಬತ್ತೆಂಟು ಸಹಿ ಆಗಿದೆ. ಬ್ರೂಕ್ಲಿನ್, ಆಂಟ್ವರ್ಪ್, ಎಲ್ಲೆಲ್ಲಿಂದ್ಲೋ. ಇನ್ನು ಹನ್ನೆರಡು ಇಲ್ಲಿ ಕೇಳ್ತಿದ್ದಾನೆ. ಟೊರಾಂಟೋದಲ್ಲಿ ಹುಡುಗಿ ನೋಡಿದ್ದಾನಂತೆ. ಇಪ್ಪತ್ತಾರು ವಯಸ್ಸು."

ಶೇಂಡೆಲ್ ಡ್ರೈಯರ್ ಆರಿಸಿದಳು. ನೂರು ಸಹಿ ಆದರೆ ಅವನು ಮದುವೆಯಾಗುತ್ತಾನೆ, ಮಗು ಆಡಿಸುತ್ತಾನೆ. ಆಮೇಲೆ ಇವಳಿಗೆ ಗೆಟ್ ಕೊಡಲು ಅವನಿಗೆ ಯಾವ ದರ್ದು? ಅವನಿಗೆ ಎರಡು ಹೆಂಡಿರು, ಇವಳಿಗೆ ಸಮಾಧಿ ಕಲ್ಲಿನ ಮೇಲೆ ಅವನ ಹೆಸರು. ಹನ್ನೆರಡು ಸಹಿಗಳಾಚೆ ಅವಳ ಬಾಳಿನ ಕದ ಮುಚ್ಚುತ್ತಿತ್ತು.

ಆದರೆ ಫೈವಿಶ್ ಒಂದು ತಪ್ಪು ಮಾಡಿದ್ದ. ರಬ್ಬಿಗಳನ್ನು ಎಣಿಸುವ ಗಡಿಬಿಡಿಯಲ್ಲಿ ರಬ್ಬಿಗಳ ಹೆಂಡಿರ ತಲೆ ಯಾರ ಕೈಲಿದೆ ಎಂಬುದನ್ನೇ ಮರೆತಿದ್ದ.

ಶೇಂಡೆಲ್ ಕಪಾಟಿನತ್ತ ತಿರುಗಿ ಚೀಟಿಗಳನ್ನು ಒಂದೊಂದಾಗಿ ಓದಿದಳು. ಅರವತ್ತೇಳರಲ್ಲಿ ಹದಿನಾಲ್ಕು ರೆಬ್ಬೆಟ್ಸಿನ್‌ರವು. ಬೀದಿಯಲ್ಲಿ ಸಹಿ ಹಾಕುವ ಯೋಗ್ಯತೆಯಿದ್ದ ಅಷ್ಟೂ ಮನೆಗಳು ಅಲ್ಲಿ ಸಾಲಾಗಿ ಕೂತಿದ್ದವು, ಒದ್ದೆಯಾಗಿ, ಸಿಕ್ಕುಗಟ್ಟಿಕೊಂಡು. ಅವಳು ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು.

"ರೆಬ್ಬೆಟ್ಸಿನ್, ಎಲ್ಲರಿಗೂ ಹೇಳಿ. ವಿಗ್ಗು ತೊಳ್ದಾಯ್ತು. ಬಾಚೋದು ಮಾತ್ರ ನನಗೆ ಗೆಟ್ ಸಿಕ್ಕ ಮೇಲೆ. ಬೇಕಾದ್ರೆ ಈಗ್ಲೇ ತಗೊಂಡು ಹೋಗ್ಲಿ, ನಾನೇನು ಕಳ್ಳಿಯಲ್ಲ."

"ಹಿಂಗೇನಾ? ಪೊರಕೆ ಥರಾ ಇದೆಯಲ್ಲೇ!"

"ಒಂಬತ್ತು ವರ್ಷದಿಂದ ನಾನಿರೋದೂ ಹಿಂಗೇ ಅಲ್ವಾ?"

ಟೋಬಾ ಡಬ್ಬ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಸಂಜೆಯೊಳಗೆ ಸುದ್ದಿ ಮಾಂಸದಂಗಡಿ ದಾಟಿ, ಶಾಲೆಯ ಗೇಟು ದಾಟಿ, ಎಲ್ಲ ಅಡುಗೆಮನೆಗಳನ್ನೂ ಹೊಕ್ಕಿತ್ತು. ಹಬ್ಬಕ್ಕೆ ಬೀಗರ ಮನೆಗೆ ತಲೆಗೆ ಬಟ್ಟೆ ಸುತ್ತಿಕೊಂಡು ಹೋಗುವುದೇ? ಕೆಲವರು ಶೇಂಡೆಲ್‌ಗೆ ಶಾಪ ಹಾಕಿದರು. ಇಬ್ಬರು ಬಂದು ವಿಗ್ಗು ಕಿತ್ತುಕೊಂಡು ಹೋಗಿ, ಮನೆಯಲ್ಲೇ ಸುರುಳಿ ಹಾಕಲು ನೋಡಿ, ಕೂದಲು ಸುಟ್ಟುಕೊಂಡು ವಾಪಸ್ ತಂದರು. ಹೆಚ್ಚಿನವರು ಮಾತ್ರ ಬಹಳ ದಿನದಿಂದ ಒಂದು ನೆಪಕ್ಕಾಗಿ ಕಾದಿದ್ದವರಂತೆ ಗಂಡಂದಿರ ಮೇಲೆ ತಿರುಗಿಬಿದ್ದರು. ರಬ್ಬಿಯೊಬ್ಬ ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಪೆನ್ನು ಇಟ್ಟಿತ್ತಂತೆ. "ಸಹಿ ಹಾಕೋದಿದ್ರೆ ಹಾಕಿ, ಆಮೇಲೆ ಊಟಾನೂ ಫೈವಿಶ್ ಮನೇಲೇ ಮಾಡಿ," ಎಂದಳಂತೆ ಮನೆಯಾಕೆ.

ಹನ್ನೆರಡರಲ್ಲಿ ಒಂದೂ ಸಿಗಲಿಲ್ಲ. ಬ್ರೂಕ್ಲಿನ್‌ನಲ್ಲಿದ್ದ ತಂಗಿಯರಿಗೆ, ನಾದಿನಿಯರಿಗೆ ಫೋನು ಹೋಯಿತು. ಹಾಕಿದವರಲ್ಲಿ ಏಳು ಮಂದಿ, ವಿಷಯ ಪೂರ್ತಿ ತಿಳಿದಿರಲಿಲ್ಲವೆಂದು ಸಹಿ ಹಿಂತೆಗೆದುಕೊಂಡರು. ಎಂಬತ್ತೆಂಟು ಎಂಬತ್ತೊಂದಾಯಿತು. ಟೊರಾಂಟೋದವರು ಮಾತುಕತೆ ಯಾವಾಗ ಎಂದು ಕೇಳತೊಡಗಿದ್ದರು. ಫೈವಿಶ್ ಹಲ್ಲು ಕಡಿಯುತ್ತ ಧರ್ಮನ್ಯಾಯಾಲಯಕ್ಕೆ ಹೋಗಿ, ಗೆಟ್ ಬರೆಯಿರಿ ಎಂದ.

ಗೆಟ್ ಬರೆಯುವ ದಿನ ಬೆಳಿಗ್ಗೆ ರಬ್ಬಿ ಕಾಲ್ಮನ್ ಶೇಂಡೆಲ್‌ಳನ್ನು ಧರ್ಮನ್ಯಾಯಾಲಯದ ಬಾಗಿಲಲ್ಲೇ ನಿಲ್ಲಿಸಿದ.

"ನೋಡಮ್ಮ, ಅವನ ಮುಖ ನೋಡಿದ್ರೆ ಯಾಕೋ ಸರಿಯಿಲ್ಲ. ಏನಾದ್ರೂ ಅಂದು ನಿನ್ನನ್ನ ಕೆಣಕ್ತಾನೆ. ನೀನು ಸಿಟ್ಟಲ್ಲಿ ಕೈ ಹಿಂದೆ ತಗೊಂಡ್ರೆ ಮುಗೀತು. ಹೆಂಡತಿ ಒಲ್ಲೆ ಅಂದ್ಳು ಅನ್ನೋ ಅವನ ಸುಳ್ಳು ಸಾಕ್ಷಿಗಳ ಮುಂದೆ ನಿಜ ಆಗುತ್ತೆ. ಆಗ ನೂರು ಸಹಿ ಸಲೀಸಾಗಿ ಸಿಗುತ್ತೆ."

"ಗೊತ್ತಾಯ್ತು ರಬ್ಬಿಗಳೇ."

ಗೊತ್ತಾಗುವುದು ಬೇರೆ, ತಡೆದುಕೊಳ್ಳುವುದು ಬೇರೆ. ಧರ್ಮನ್ಯಾಯಾಲಯದ ಲಿಪಿಕಾರ ಗರಿಯ ಲೇಖನಿಯಲ್ಲಿ ಪತ್ರ ಬರೆದು ಮುಗಿಸುವವರೆಗೆ ಎರಡು ಗಂಟೆ ಅವಳು ಗೋಡೆ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು, ಉಂಗುರ ತೆಗೆದು ಬೆರಳುಗಳನ್ನು ಬರಿದಾಗಿಸಿ, ಎರಡೂ ಅಂಗೈ ಜೋಡಿಸಿ ಬೊಗಸೆಯೊಡ್ಡಿ ನಿಂತಳು. ಮೂವರು ರಬ್ಬಿಗಳು, ಇಬ್ಬರು ಸಾಕ್ಷಿಗಳು. ಎದುರಿಗೆ ಫೈವಿಶ್. ಮಡಿಸಿದ ಪತ್ರ ಅವನ ಕೈಯಲ್ಲಿತ್ತು, ಅವಳ ಬೊಗಸೆಯಿಂದ ಒಂದು ಗೇಣು ಮೇಲೆ. ಅವನು ಅದನ್ನು ಬಿಡಲಿಲ್ಲ.

"ನಲವತ್ತಮೂರಾಯ್ತಲ್ಲ ನಿಂಗೆ," ಎಂದ, ಅಂಗಡಿಯಲ್ಲಿ ಹಾಲು ಕೇಳುವವನಷ್ಟು ಮೆಲ್ಲಗೆ. "ಇನ್ನೇನ್ ಮಾಡ್ತೀಯ ಇದನ್ನ ತಗೊಂಡು? ಉಪ್ಪಿನಕಾಯಿ ಹಾಕ್ತೀಯಾ? ಮುಂದಿನ ವರ್ಷ ಈ ಹೊತ್ಗೆ ನನ್ ತೊಡೆ ಮೇಲೆ ಮಗ ಇರ್ತಾನೆ. ಅವನಿಗೆ ಹೆಸರಿಡೋ ದಿನ ಬಾ, ಅವರಮ್ಮನ ವಿಗ್ಗು ಬಾಚುವಿಯಂತೆ."

 ಈಗ ಕೈ ಎಳೆದುಕೊಂಡರೆ? ಸಿಟ್ಟಿನ ಭರದಲ್ಲಿ ಶೇಂಡೆಲ್‌ಗೆ ರಬ್ಬಿಯ ಎಚ್ಚರಿಕೆ ಮರೆತು, ಅವನ ಮದುವೆ ಇಲ್ಲೇ ನಿಲ್ಲುತ್ತದೆ ಎನಿಸಿತು. ಆ ಕ್ಷಣಕ್ಕೆ ಅವಳಿಗೆ ತನ್ನ ಬಿಡುಗಡೆ ಬೇಡವಾಗಿತ್ತು, ಅವನ ಸರ್ವನಾಶ ಬೇಕಾಗಿತ್ತು. ನೀನೂ ಕೂತಿರು ಒಂಬತ್ತು ವರ್ಷ, ಕೊಳೆತು ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆರಳುಗಳು ಮುಚ್ಚಿಕೊಳ್ಳಲು ಹೊರಟವು. ಆಗ ಅವನ ಕಣ್ಣು ನೋಡಿದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದ. ಮುಚ್ಚಲಿ, ಮುಚ್ಚಲಿ ಎಂದು ಆಸೆಯಿಂದ ನೋಡುತ್ತಿದ್ದ. ಥೂ ಪಾಪಿ!

ಅವಳು ಬೊಗಸೆಯನ್ನು ಇನ್ನೂ ಅಗಲ ಮಾಡಿದಳು.

"ಹಾಕು," ಎಂದಳು. "ಕೈ ನೋಯ್ತಿದೆಯೇನೋ ಪಾಪ, ಇಷ್ಟು ಹಗುರದ್ದು ಹಿಡ್ಕೊಂಡು."

ಸಾಕ್ಷಿಯೊಬ್ಬ ಕೆಮ್ಮಿ ನಗು ನುಂಗಿಕೊಂಡ. ರಬ್ಬಿ ಕಾಲ್ಮನ್, "ಹೇಳಬೇಕಾದ್ದು ಹೇಳಿ ಬಿಡಪ್ಪ," ಎಂದು ಗದರಿದ. "ಇಂದಿನಿಂದ ನೀನು ಯಾವ ಗಂಡಸಿಗೂ ಸಲ್ಲುವೆ," ಎಂದು ಫೈವಿಶ್ ಗೊಣಗಿದ. ಪತ್ರ ಬಿತ್ತು. ಅವಳು ಅದನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು, ಕಂಕುಳಲ್ಲಿಟ್ಟು, ಪದ್ಧತಿಯಂತೆ ಬಾಗಿಲತನಕ ನಾಲ್ಕು ಹೆಜ್ಜೆ ನಡೆದಳು. ನಾಲ್ಕನೆಯ ಹೆಜ್ಜೆಗೆ ಅವಳಿಗೆ ಅಳು ಬಂತು. ಬರಬಾರದೆಂದುಕೊಂಡಿದ್ದಳು, ಬಂತು.

"ಎಲ್ಲ ಮುಗೀತಲ್ಲ ಶೇಂಡೆಲ್," ಎಂದ ರಬ್ಬಿ ಕಾಲ್ಮನ್. "ಇನ್ನು ಅವನ ಮಾತು ಎತ್ಬೇಡ. ಚಾಡಿ ದೊಡ್ಡ ಪಾಪ."

"ನಾನಾಗಿ ಎತ್ತಲ್ಲ ರಬ್ಬಿಗಳೇ. ಆದ್ರೆ ಹೆಣ್ಣು ಕೊಡೋರು ಬಂದು ಹುಡುಗ ಹೆಂಗೆ ಅಂತ ಕೇಳಿದ್ರೆ? ಆಗ ಬಾಯಿ ಮುಚ್ಕೊಂಡಿರೋದು ಪಾಪನಾ, ಹೇಳೋದು ಪಾಪನಾ?"

ರಬ್ಬಿ ಗಡ್ಡ ನೀವಿಕೊಂಡ. ಸುಳ್ಳು ಹೇಳುವ ಜಾತಿಯವನಲ್ಲ. "ಕೇಳಿದ್ರೆ ಮುಚ್ಚಿಡೋ ಹಾಗಿಲ್ಲ," ಎಂದ. "ಇದ್ದದ್ದು ಇದ್ದ ಹಾಗೆ. ಒಂದಕ್ಷರ ಜಾಸ್ತಿ ಸೇರಿಸ್ಬಾರ್ದು."

ಹಬ್ಬಕ್ಕೆ ಆರು ದಿನವಿರುವಾಗ, ಐವತ್ತು ವಿಗ್ಗು ಬಾಚಿ ಬೆನ್ನು ಬಿದ್ದುಹೋಗಿದ್ದ ಮಧ್ಯಾಹ್ನ, ಟೊರಾಂಟೋದಿಂದ ಫೋನು ಬಂತು. ಹುಡುಗಿಯ ತಾಯಿ ಎಟ್ಟಾ. ಸಂಬಂಧ ಕುದುರಿಸುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ಅವರಲ್ಲಿ ಕಡ್ಡಾಯ. ಆಕೆ ಅಂಜುತ್ತಲೇ ಮಾತು ತೆಗೆದಳು.

"ನಿಮ್ಮನ್ನ ಕೇಳೋದು ಸರಿಯೋ ತಪ್ಪೋ ಗೊತ್ತಿಲ್ಲ ಕಣಮ್ಮ. ಆದ್ರೆ ನಿಮ್ಮಷ್ಟು ಅವರನ್ನ ಬಲ್ಲೋರು ಯಾರಿದ್ದಾರೆ? ಒಂದೇ ಮಗಳು ನಮಗೆ. ಮನುಷ್ಯ ಹೇಗೆ?"

ಒಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ಸಹಿಸಿಕೋ ಎಂದಿದ್ದರು, ಪ್ರಾರ್ಥನೆ ಮಾಡು ಎಂದಿದ್ದರು, ಅವನ ತಾಯಿಯ ಹತ್ತಿರ ಒಳ್ಳೆಯವಳಾಗು ಎಂದಿದ್ದರು. ಶೇಂಡೆಲ್ ಕುರ್ಚಿ ಎಳೆದುಕೊಂಡು ಕೂತು, ಬೂಟು ಕಳಚಿ, ಕಾಲು ಚಾಚಿದಳು.

"ನಿಮಗೆ ಟೈಮ್ ಇದೆಯಾ?" ಎಂದಳು.

ಅವಳು ಒಂದು ಗಂಟೆ ಮಾತಾಡಿದಳು. ಒಂದಕ್ಷರವನ್ನೂ ಸೇರಿಸಲಿಲ್ಲ, ಒಂದಕ್ಷರವನ್ನೂ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗದ್ದು, ತಾಯಿಯ ಮುಂದೆ ನಿಲ್ಲಿಸಿದ್ದು, ಸುಳ್ಳು ಪತ್ರ, ಬೊಗಸೆಯ ಮೇಲೆ ಹಿಡಿದು ಆಡಿದ ಮಾತು, ಎಲ್ಲವನ್ನೂ ವರ್ಷದ ಪ್ರಕಾರ ಜೋಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಹಿತವಾಯಿತು. ಯಾಕಾಗಬಾರದು? ಎಟ್ಟಾ ಕೊನೆಗೆ ಅಳುತ್ತ, "ನನ್ನ ಮಗಳನ್ನ ಉಳಿಸಿದ್ರಿ," ಎಂದಳು. "ನನ್ನ ನಂಬರ್ ಇಟ್ಕೊಂಡಿರಿ," ಎಂದಳು ಶೇಂಡೆಲ್. "ಬೇರೆ ಯಾರಾದ್ರೂ ಕೇಳಿದ್ರೆ ಕೊಡಿ."

ಕೇಳಿದರು. ಹಬ್ಬ ಕಳೆದ ಮೇಲೆ ಬ್ರೂಕ್ಲಿನ್‌ನಿಂದ ಒಬ್ಬರು, ಆಂಟ್ವರ್ಪ್‌ನಿಂದ ಒಬ್ಬರು. ಮೂರು ಸಂಬಂಧಗಳೂ ಮುರಿದುಬಿದ್ದವು. ಟೋಬಾ ಬಂದು, "ಬಿಡುಗಡೆ ಆಯ್ತಲ್ಲೇ, ಇನ್ನಾದ್ರೂ ಬಿಟ್ಟುಬಿಡು," ಎಂದಳು. ಶೇಂಡೆಲ್ ಕೇಳಿಸದವಳಂತೆ ಸುರುಳಿ ಸುತ್ತಿದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಫೈವಿಶ್‌ನೇ ಬಂದ. ಮುಖ ಸೊರಗಿತ್ತು, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಅವನು ಬಾಗಿಲು ತೆರೆದು ಕಾಲು ಒಳಗಿಡುವಷ್ಟರಲ್ಲಿ ಅವಳು ಬಾಚಣಿಗೆ ಎತ್ತಿ ತಡೆದಳು.

"ಒಳಗೆ ಬರ್ಬೇಡ. ನೀನೀಗ ಪರಗಂಡಸು."

ಅವನು ಮೆಟ್ಟಿಲ ಮೇಲೆಯೇ ನಿಂತ. "ನನಗೂ ವಯಸ್ಸಾಗ್ತಿದೆ ಶೇಂಡೆಲ್," ಎಂದ. ಧ್ವನಿಯಲ್ಲಿ ಹಿಂದಿನ ಕೊಬ್ಬು ಇರಲಿಲ್ಲ. "ಗೆಟ್ ಕೊಟ್ಟೆನಲ್ಲ. ಇನ್ನೂ ಎಷ್ಟು ದಿನ ಹಿಂಗೇ ಮಾಡ್ತೀಯ?"

ಶೇಂಡೆಲ್ ಬಾಯಲ್ಲಿದ್ದ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು.

"ನೀನು ಒಂಬತ್ತು ವರ್ಷ ತಗೊಂಡೆ. ನಂದಿನ್ನೂ ಎರಡೇ ತಿಂಗಳಾಯ್ತು. ಬಾಗಿಲು ಹಾಕ್ಕೊಂಡು ಹೋಗು, ಕೂದಲು ಹಾರುತ್ತೆ."